ಕಚ್ಚಿ ಹಿಡಿದ ಕಬ್ಬಿಣ

ಹೂಡೆಯಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸುವರ್ಣಾ ನದಿ, ನಡುವೆ ತೆಂಗಿನ ತೋಟಗಳಿರುವ ಮರಳು ನೆಲ. ಕೆಮ್ಮಣ್ಣಿನ ಕಡೆಯಿಂದ ಬಂದ ರಸ್ತೆ ಉತ್ತರಕ್ಕೆ ಹೊರಳಿ ಕೋಡಿ ಬೆಂಗ್ರೆಯ ತುದಿ ಮುಟ್ಟುವಷ್ಟರಲ್ಲಿ ಈ ನೆಲ ಎಷ್ಟು ಸಪೂರವಾಗುತ್ತದೆಂದರೆ, ಕೆಲವು ಕಡೆ ರಸ್ತೆಯ ಮೇಲೆ ನಿಂತರೆ ಎಡಕ್ಕೆ ಅಲೆಯೂ ಬಲಕ್ಕೆ ಹೊಳೆಯೂ ಒಟ್ಟಿಗೇ ಕಾಣುತ್ತವೆ. ಊರು ನೋಡಲು ಬಂದವರಿಗೆ ಇದು ಬಲು ಚಂದ. ಇಲ್ಲೇ ಬದುಕುವವರು ಮಾತ್ರ ಗೇಟಿನ ತಿರುಗಣಿ, ಕಿಟಕಿಯ ಸರಳು, ಪಂಪಿನ ಬೋಲ್ಟು, ಬಾವಿಯ ರಾಟೆ ಎಲ್ಲವನ್ನೂ ವರ್ಷ ವರ್ಷ ವಿಚಾರಿಸಿಕೊಳ್ಳುತ್ತಲೇ ಇರಬೇಕು.

ಗಾಳಿ ಹೊತ್ತು ತರುವ ಉಪ್ಪು ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಗಾಳಿಯ ತೇವಾಂಶ ಶೇಕಡ 75 ದಾಟಿತೆಂದರೆ ಉಪ್ಪು ಆ ಗಾಳಿಯಿಂದಲೇ ನೀರು ಹೀರಿ ಕರಗಲು ತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಗೆ ಕೈ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಕರಾವಳಿಯ ಮಳೆ ತಿಂಗಳುಗಳಲ್ಲಿ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹಾಗಾಗಿ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆಯೊಂದು ತಿಂಗಳುಗಟ್ಟಲೆ ಆರದೆ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗ ಬೇಡುತ್ತದೆ. ಬಯಲಿನಲ್ಲಾದರೆ ಹಕ್ಕಳೆ ಹಕ್ಕಳೆಯಾಗಿ ಉದುರಿಹೋಗುತ್ತದೆ. ಕೊಳವೆಯೊಳಗೆ ಕೊಳವೆ ಕೂತಿದ್ದರೆ ಉದುರಲು ಎಡೆಯಿಲ್ಲ. ಅಲ್ಲೇ ಉಬ್ಬಿ, ಎರಡೂ ಕಡೆಗೆ ಒತ್ತಿ, ಎರಡು ಕಬ್ಬಿಣವನ್ನು ಒಂದೇ ಕಬ್ಬಿಣ ಮಾಡಿಬಿಡುತ್ತದೆ.

ನನ್ನ ಸೋದರಮಾವನ ಸೈಕಲ್ಲಿನ ಸೀಟ್ ಪಿಲ್ಲರ್ ಹಾಗೆ ಆಗಿತ್ತು.

ಮಾವ ಪ್ರಾಥಮಿಕ ಶಾಲೆಯ ಮಾಷ್ಟ್ರು. ಅರವತ್ತರ ದಶಕದಲ್ಲಿ ಸಂಬಳದಿಂದ ಉಳಿಸಿ ಉಳಿಸಿ ತೆಗೆದುಕೊಂಡ ರ‍್ಯಾಲಿ ಸೈಕಲ್ ಅದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹೆಸರು, ಆದರೆ ತಯಾರಾದದ್ದು ಬಂಗಾಳದ ಆಸನ್‌ಸೋಲಿನಲ್ಲಿ, ಸೆನ್-ರ‍್ಯಾಲಿ ಕಾರ್ಖಾನೆಯಲ್ಲಿ. ಸುಧೀರ್ ಕುಮಾರ್ ಸೇನ್ ಎಂಬವರು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಂಗ್ಲೆಂಡಿನ ಕಂಪನಿಯ ಜೊತೆ ಸೇರಿ ಕಟ್ಟಿದ ಕಾರ್ಖಾನೆ. ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಮಾಡುವ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಶುರುವಾದವು. ದೇಶದ ಗಂಡಸರಿಗೆಲ್ಲ ಒಂದೇ ಆಕಾರದ, 28 ಇಂಚು ಚಕ್ರದ, ರಾಡ್ ಬ್ರೇಕಿನ ಕರಿ ಸೈಕಲ್ ಸಿಕ್ಕಿದ್ದು ಈ ಹತ್ತು ವರ್ಷಗಳೊಳಗೆ. ಮಾವನದಕ್ಕೆ ಮುಂಭಾಗದಲ್ಲಿ ಬಕಪಕ್ಷಿಯ ತಲೆ ಇರುವ ಬಿಲ್ಲೆ. ಸುವರ್ಣೆಯ ನೀರಿಳಿದಾಗ ಕೆಸರಿನಲ್ಲಿ ನಿಲ್ಲುವ ಹಕ್ಕಿ ಸೈಕಲ್ಲಿನ ಮೇಲೂ ಇದೆಯಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಬಹಳ ಹೆಮ್ಮೆಯಿತ್ತು.

ಆ ಕಾಲದಲ್ಲಿ ನಮ್ಮ ಕಡೆಯ ಬದುಕು ಎಷ್ಟರ ಮಟ್ಟಿಗೆ ಸೈಕಲ್ಲಿನ ಮೇಲೆ ನಡೆಯಿತು ಎಂಬುದನ್ನು ಯಾರಾದರೂ ಕೂತು ಬರೆಯಬೇಕು. ಕ್ಯಾರಿಯರಿಗೆ ಬುಟ್ಟಿ ಕಟ್ಟಿ ಹಾರ್ನ್ ಒತ್ತುತ್ತ ಒಳನಾಡಿಗೆ ಹೋಗುವ ಮೀನಿನವರು, ಬೆಳಿಗ್ಗೆ ಬ್ರೆಡ್ಡು-ಬನ್ನು ತರುವವರು, ಅಂಚೆಯವರು, ಪಿಗ್ಮಿ ಹಣ ಎತ್ತುವವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿತು. ಮನೆಬಾಗಿಲಿಗೆ ಬಂದು ಚಿಲ್ಲರೆ ಎಣಿಸಿ ಪುಸ್ತಕದಲ್ಲಿ ಬರೆದು ಹೋಗುವ ಆ ಮನುಷ್ಯ ನನ್ನ ನೆನಪಿನಲ್ಲಿ ಯಾವಾಗಲೂ ಸೈಕಲ್ಲಿಗೆ ಒಂದು ಕಾಲು ಕೊಟ್ಟೇ ನಿಂತಿದ್ದಾನೆ. 2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಮತ್ತೊಮ್ಮೆ ರಸ್ತೆ ತುಂಬ ಗಂಟೆಯ ಸದ್ದು ಕೇಳಿತು. ಆ ಸೈಕಲ್ಲುಗಳಲ್ಲಿ ಅನೇಕವು ಈಗ ಕೊಟ್ಟಿಗೆಯ ಹಿಂದೆ ತೆಂಗಿನ ಗರಿಯ ಅಡಿಯಲ್ಲಿವೆ. ಅವನ್ನು ನೋಡಿದಾಗೆಲ್ಲ ನನಗೆ ಕಷ್ಟವಾಗುತ್ತದೆ.

ಮಾವನ ಸೈಕಲ್ಲೂ ಸೌದೆ ಕೊಟ್ಟಿಗೆಯಲ್ಲೇ ಇತ್ತು. ಮಾವ ತೀರಿಹೋಗಿ ವರ್ಷಗಳಾಗಿದ್ದವು. ತಂಗಿಯ ಮಗಳು ಕಾಲೇಜು ಸೇರಿದವಳು, "ಮಾಮಾ, ಅಜ್ಜನ ಸೈಕಲ್ ರಿಪೇರಿ ಮಾಡಿಸಿದರೆ ನಾನೇ ಬಿಡ್ತೇನೆ" ಎಂದಳು. ಹೊರಗೆ ತಂದು ತೊಳೆದು ನೋಡಿದೆ. ಫ್ರೇಮು ಗಟ್ಟಿಯಾಗಿತ್ತು. ಕರಿ ಬಣ್ಣದ ಅಡಿಯಲ್ಲಿ ಚಿನ್ನದ ಬಣ್ಣದ ಸಪೂರ ಗೆರೆಗಳು ಇನ್ನೂ ಇದ್ದವು. ರಿಮ್ಮು, ಕಡ್ಡಿ, ಟೈರು, ಟ್ಯೂಬು ಹೊಸದು ಸಿಗುತ್ತವೆ. ಆದರೆ ಸೀಟು ಮಾವನ ಎತ್ತರಕ್ಕೇ ನಿಂತುಬಿಟ್ಟಿತ್ತು. ಮಾವ ಆರಡಿಯ ಆಳು, ಹುಡುಗಿ ಅವರ ಭುಜಕ್ಕೂ ಬರುವವಳಲ್ಲ. ಪಿಲ್ಲರ್ ಕೆಳಗಿಳಿಯದಿದ್ದರೆ ಉಳಿದದ್ದೆಲ್ಲ ಹೊಸದು ಹಾಕಿಯೂ ಉಪಯೋಗವಿಲ್ಲ. ಸೀಟಿನ ಬುಡದ ಬೋಲ್ಟು ಪೂರ್ತಿ ಬಿಚ್ಚಿದೆ. ಪಿಲ್ಲರ್ ಅಲುಗಲಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಒಬ್ಬರು ಸುಲಭದ ದಾರಿ ಹೇಳಿದರು. ಪಿಲ್ಲರನ್ನು ಫ್ರೇಮಿನ ಮಟ್ಟಕ್ಕೆ ಕತ್ತರಿಸಿ, ಬೇಕಾದ ಎತ್ತರಕ್ಕೆ ಬೇರೆ ತುಂಡು ಬೆಸೆದುಬಿಡುವುದು. ಒಂದು ಗಂಟೆಯ ಕೆಲಸ. ನಾನು ಒಪ್ಪಲಿಲ್ಲ. ಬೆಸೆದರೆ ಹುಡುಗಿಯ ಎತ್ತರಕ್ಕೆ ಸರಿಯಾದೀತು, ಅವಳ ನಂತರ ಬರುವವರಿಗೆ ಮತ್ತೆ ಕತ್ತರಿಯೇ ಗತಿ. ಸೀಟನ್ನು ಮೇಲೆ ಕೆಳಗೆ ಮಾಡಬಹುದು ಎಂಬುದು ಆ ಸೈಕಲ್ ಮಾಡಿದವರ ಯೋಚನೆ. ಅದನ್ನು ನಾನು ಯಾಕೆ ಮುಚ್ಚಲಿ? ಇನ್ನೊಂದು ಮಾತೂ ಇದೆ. ಹಳೆಯ ಫ್ರೇಮುಗಳಲ್ಲಿ ಪೈಪುಗಳು ಲಗ್ಗಿನೊಳಗೆ ಕೂತು ಹಿತ್ತಾಳೆಯ ಬೆಸುಗೆಯಲ್ಲಿ ನಿಂತಿರುತ್ತವೆ. ವೆಲ್ಡಿಂಗಿನ ಉರಿ ಅಲ್ಲಿಗೆ ತಾಗಿದರೆ ಬೆಸುಗೆ ಕರಗೀತು. ಬಣ್ಣ, ಗೆರೆ ಹೋಗುವುದಂತೂ ಖಂಡಿತ.

ಸಾವಧಾನದ ದಾರಿ ಹೇಳಿಕೊಟ್ಟವರು ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ನೋಡುವ ಒಬ್ಬ ಹಿರಿಯರು. ಎಲ್ಲರೂ ಭಾಯಿ ಎಂದೇ ಕರೆಯುವುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಬಂದರಿನಲ್ಲಿ ಬಿಚ್ಚುವ ಕೆಲಸವೇ ಕೆಲಸ. ಎಂಜಿನ್ನು ಬಿಚ್ಚುತ್ತಾರೆ, ಫ್ಯಾನಿನ ಶಾಫ್ಟು ಹೊರಗೆಳೆಯುತ್ತಾರೆ, ಉಕ್ಕಿನ ಬೋಟಿನ ಬುಡಕ್ಕೆ ಹೊಸ ಸತುವಿನ ಗಟ್ಟಿ ಕೂರಿಸುತ್ತಾರೆ. ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ವರ್ಷವಿಡೀ ಉಪ್ಪುನೀರಿನೊಳಗೇ ಇರುವ ಆ ಯಂತ್ರಗಳು ಕಚ್ಚಿಕೊಳ್ಳುವುದಿಲ್ಲ, ಕೊಟ್ಟಿಗೆಯಲ್ಲಿ ಒಣಗಿ ನಿಂತ ಸೈಕಲ್ ಕಚ್ಚಿಕೊಳ್ಳುತ್ತದೆ. ನಾನು ಇದನ್ನು ಕೇಳಿದ್ದಕ್ಕೆ ಭಾಯಿ, "ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ ಹಾಕ್ತಾರೆ ಮಾರಾಯ್ರೆ, ಇದನ್ನು ಯಾರು ಬಿಚ್ಚಿದ್ದಾರೆ?" ಎಂದರು.

ಫ್ರೇಮನ್ನು ಸುತ್ತ ತಿರುಗಿಸಿ ನೋಡಿ ಅವರು ಒಂದು ವಿಷಯ ತೋರಿಸಿದರು. ಸೀಟಿನ ಪೈಪು ಕೆಳಗೆ ಕ್ರ್ಯಾಂಕಿನ ಗೂಡಿಗೆ ತೆರೆದುಕೊಂಡಿರುತ್ತದೆ. ಮೇಲಿನಿಂದ ಎಷ್ಟು ಎಣ್ಣೆ ಬಿಟ್ಟರೂ ಅದು ಬಾಯಿಯ ತುಕ್ಕಿನಲ್ಲೇ ನಿಲ್ಲುತ್ತದೆ. ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ ಕೆಳಗಿನ ಗೂಡಿನಿಂದ ಬಿಟ್ಟರೆ ಪಿಲ್ಲರಿನ ತಳಕ್ಕೇ ಹೋಗಿ ನಿಲ್ಲುತ್ತದೆ, ಅಲ್ಲಿಂದ ಸಂದಿಗೆ ಇಳಿಯುತ್ತದೆ. ಹಾಗೆ ಮಾಡಬೇಕಾದರೆ ಗೂಡು ಖಾಲಿಯಾಗಬೇಕು. ಗೂಡು ಖಾಲಿಯಾಗಬೇಕಾದರೆ ಆಕ್ಸಲ್ ಬರಬೇಕು, ಆಕ್ಸಲ್ ಬರಬೇಕಾದರೆ ಕ್ರ್ಯಾಂಕು, ಕ್ರ್ಯಾಂಕು ಬರಬೇಕಾದರೆ ಕಾಟರ್ ಪಿನ್ನು. ಸೀಟು ಇಳಿಸುವ ಕೆಲಸ ಪೆಡಲಿನ ಬುಡದಿಂದ ಶುರುವಾಯಿತು.

ಕಾಟರ್ ಪಿನ್ನನ್ನು ಈಗಿನ ಮಕ್ಕಳು ನೋಡಿರಲಾರರು. ಬೆರಳಿನಷ್ಟು ಉದ್ದದ ಉಕ್ಕಿನ ಕಡ್ಡಿ, ಒಂದು ಪಕ್ಕ ಓರೆಯಾಗಿ ಸಪಾಟು. ಕೊಡಲಿಯ ಕಾವಿಗೆ ಹೊಡೆದ ಬೆಣೆಯ ಹಾಗೆ ಅದು ಕ್ರ್ಯಾಂಕನ್ನೂ ಆಕ್ಸಲನ್ನೂ ಬಿಗಿದು ಹಿಡಿಯುತ್ತದೆ. ಕಳಚುವುದರಲ್ಲಿ ಮೂರು ನಿಯಮ ಇವೆ, ಮೂರನ್ನೂ ಭಾಯಿ ಮಾಡಿ ತೋರಿಸಿದರು. ನಟ್ಟನ್ನು ಪೂರ್ತಿ ತೆಗೆಯಬಾರದು. ಅದರ ಮೇಲ್ಮೈ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಬೇಕು, ಆಗ ಪೆಟ್ಟು ಬಿದ್ದರೂ ಥ್ರೆಡ್ ಹಾಳಾಗುವುದಿಲ್ಲ. ಕ್ರ್ಯಾಂಕಿನ ಅಡಿಗೆ, ಪಿನ್ನು ಹೊರಬರುವ ತೂತಿನ ಸುತ್ತ, ಗಟ್ಟಿ ಪೈಪಿನ ತುಂಡೊಂದನ್ನು ನೆಲದಿಂದ ಊರಿ ನಿಲ್ಲಿಸಬೇಕು. ಇಲ್ಲದಿದ್ದರೆ ಪೆಟ್ಟಿನ ಭಾರವೆಲ್ಲ ಒಳಗಿನ ಬಾಲ್ಸಿನ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಮತ್ತೆ ಸುತ್ತಿಗೆ ದೊಡ್ಡದಿರಬೇಕು. ಸಣ್ಣ ಸುತ್ತಿಗೆಯಿಂದ ಹೆದರಿ ಹೆದರಿ ಕುಟ್ಟಿದರೆ ಪಿನ್ನಿನ ತಲೆ ಹಣಿದು ಅಗಲವಾಗಿ ಒಳಗೇ ಕೂರುತ್ತದೆ. ತೂಕದ ಸುತ್ತಿಗೆಯ ನೇರವಾದ ಒಂದು ಪೆಟ್ಟಿಗೆ ಅದು ಹೊರಡುತ್ತದೆ. ಎಡಗಡೆಯ ಪಿನ್ನು ಹಾಗೇ ಹೊರಟಿತು. ಬಲಗಡೆಯದಕ್ಕೆ ಡೀಸೆಲ್ ಹಾಕಿ ರಾತ್ರಿ ಕಾಯಿಸಬೇಕಾಯಿತು.

ಗೂಡಿನ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್. ಎಲ್ಲ ತಿರುಪುಗಳೂ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ, ಇದು ಬಲಕ್ಕೆ. ಎಡಗಾಲಿನ ಪೆಡಲಿಗೂ ಹಾಗೆಯೇ. ತುಳಿಯುವ ಬಲ ಸುತ್ತ ಸುತ್ತುತ್ತಿರುವಾಗ ಒಳಗಿನ ತಿರುಪು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಹೊರಳುತ್ತ ಹೋಗುತ್ತದೆ. ಸೈಕಲ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು ಥ್ರೆಡ್ಡನ್ನೇ ಆ ಕಡೆಗೆ ತಿರುಗಿಸಿಟ್ಟಿದ್ದಾರೆ. ವಿಮಾನ ಹಾರಿಸುವ ಮೊದಲು ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು ತಮ್ಮ ಸೈಕಲ್ಲುಗಳ ಎಡ ಪೆಡಲಿಗೆ 1900ರಲ್ಲಿ ಈ ಉಲ್ಟಾ ಥ್ರೆಡ್ ಹಾಕಿ ಮಾರಿದ್ದರು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ವಸ್ತುವನ್ನು ಗುಜರಿಯವನ ತಕ್ಕಡಿಗೆ ಕಿಲೋ ಲೆಕ್ಕದಲ್ಲಿ ಹಾಕುವುದು ನನ್ನಿಂದ ಆಗುವ ಕೆಲಸವಲ್ಲ.

ಗೂಡು ಖಾಲಿಯಾದ ಮೇಲೆ ಫ್ರೇಮನ್ನು ಜಗಲಿಯ ಕಂಬಕ್ಕೆ ತಲೆಕೆಳಗಾಗಿ ಕಟ್ಟಿ, ಪಿಲ್ಲರಿನ ಪೊಳ್ಳಿಗೆ ಒಳಗಿನಿಂದ ಬಟ್ಟೆಯ ಬಿರಡೆ ಜಡಿದು, ಪವರ್ ಸ್ಟಿಯರಿಂಗಿನ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಬಿಟ್ಟೆವು. ಅಸಿಟೋನ್ ಎಣ್ಣೆಯನ್ನು ತೆಳ್ಳಗೆ ಮಾಡಿ ಸಂದಿಗೆ ಇಳಿಸುತ್ತದೆ, ಆಮೇಲೆ ತಾನು ಆವಿಯಾಗುತ್ತದೆ, ಎಣ್ಣೆ ಅಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಡಬ್ಬಿಯೂ ಮನೆಯಲ್ಲಿತ್ತು. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ್ದು ಕ್ಷಿಪಣಿಯ ಹೊರಮೈಗೆ ನೀರು ತಾಗಿ ತುಕ್ಕು ಹಿಡಿಯದಿರಲೆಂದು. ನೀರನ್ನು ಓಡಿಸುವುದರಲ್ಲಿ ಅದು ಒಳ್ಳೆಯದು. ಅರ್ಧ ಶತಮಾನದ ತುಕ್ಕಿಗೆ ಸಾಲದು. ದಿನವೂ ಬೆಳಿಗ್ಗೆ ಸಂಜೆ ಎಣ್ಣೆ ನೋಡುವುದು, ಇಳಿದಷ್ಟು ಮತ್ತೆ ಹಾಕುವುದು, ಪೈಪಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ತಟ್ಟಿದಾಗ ತುಕ್ಕಿನಲ್ಲಿ ಸೀಳು ಬಿಡುತ್ತದೆ, ಎಣ್ಣೆ ಆ ಸೀಳಿಗೆ ಹೋಗುತ್ತದೆ. ಇದರಲ್ಲಿ ಅವಸರಕ್ಕೆ ಏನೂ ಕೆಲಸವಿಲ್ಲ. ನನಗೆ ಆ ದಿನಗಳು ಬಹಳ ಇಷ್ಟವಾದವು. ಹೊರಗೆ ಆಟಿ ತಿಂಗಳ ಮಳೆ, ಗಾಳಿಮರಗಳ ಆಚೆ ಕಡಲಿನ ಮೊರೆತ. ಸಂದಿಯೊಳಗೆ ಎಣ್ಣೆ ಒಂದೊಂದು ಎಳೆಯಷ್ಟು ಮುಂದೆ ಹೋಗುತ್ತಿದೆ ಎಂಬ ನಂಬಿಕೆಯಲ್ಲೇ ನಾವು ಕಾಯುತ್ತಿದ್ದೆವು.

ಕೊನೆಗೆ ಬಿಸಿ. ಗ್ಯಾಸಿನ ಉರಿ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಬಚ್ಚಲಿನ ಹಂಡೆಯ ಕುದಿನೀರೇ ಸಾಕು ಎಂದರು ಭಾಯಿ. ಲೆಕ್ಕ ಹಾಕಿ ನೋಡಿದೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 28 ಮಿಲಿಮೀಟರ್ ಆಸುಪಾಸಿನ ಪೈಪು 60 ಡಿಗ್ರಿ ಏರಿದರೆ ಹಿಗ್ಗುವುದು ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆದರೆ ತುಕ್ಕಿನ ಹಿಡಿತ ಒಡೆಯಲು ಅಷ್ಟು ಮಿಸುಕಾಟ ದೊಡ್ಡದೇ. ಹೊರಗಿನ ಪೈಪು ಹಿಗ್ಗುವಾಗ ಒಳಗಿನ ಪಿಲ್ಲರ್ ಹಿಗ್ಗಬಾರದು, ಅದಕ್ಕೆ ಮಂಜುಗಡ್ಡೆ. ಮಲ್ಪೆಯಲ್ಲಿ ಅದಕ್ಕೇನು ಬರಗಾಲ? ಮೀನಿಗೆ ಹಾಕುವ ಪುಡಿ ಐಸನ್ನು ಪಿಲ್ಲರಿನ ಪೊಳ್ಳಿನೊಳಗೆ ತುಂಬಿ ಬಿಟ್ಟು, ಆಮೇಲೆ ಪೈಪಿನ ಹೊರಗೆ ಕುದಿನೀರು ಹೊಯ್ಯುವುದು. ತಣಿಯಲು ಬಿಟ್ಟು ಮತ್ತೆ ಹಾಗೆಯೇ.

ಮೀನುಗಾರಿಕೆಯ ರಜೆ ಮುಗಿಯುವ ಮೊದಲಿನ ಒಂದು ಭಾನುವಾರ ಫ್ರೇಮನ್ನು ಬಂದರಿನ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ದೊಡ್ಡ ವೈಸ್ ಇದೆ. ಪಿಲ್ಲರಿನ ತುದಿ ವೈಸಿನಲ್ಲಿ ಜಜ್ಜಿಹೋಗದಂತೆ ಒಳಗೆ ಗಟ್ಟಿಮರದ ಗೂಟ ತುರುಕಿದರು, ಹಲ್ಲು ಕಚ್ಚದಂತೆ ತಾಮ್ರದ ತಗಡು ಇಟ್ಟರು. ಫ್ರೇಮು ತಲೆಕೆಳಗಾಗಿ ಮೇಲೆ ನಿಂತಿತು. ಇನ್ನು ಪಿಲ್ಲರನ್ನು ಎಳೆಯುವುದಲ್ಲ, ಫ್ರೇಮನ್ನೇ ಹಿಡಿದು ತಿರುಗಿಸುವುದು. ಎಳೆದರೆ ತುಕ್ಕು ಇನ್ನಷ್ಟು ಒತ್ತಾಗಿ ಕೂರುತ್ತದೆ, ತಿರುಗಿಸಿದರೆ ಅರೆದು ಪುಡಿಯಾಗುತ್ತದೆ. ಇಡೀ ಫ್ರೇಮಿನ ಉದ್ದ ಈಗ ನಮ್ಮ ಸನ್ನೆಗೋಲು. ಒಂದು ಕಡೆ ಭಾಯಿ, ಇನ್ನೊಂದು ಕಡೆ ನಾನು. ಹುಡುಗಿ ಕುದಿನೀರಿನ ಚೆಂಬು ಹಿಡಿದು ನಿಂತಿದ್ದಳು. "ಜೋರು ಬೇಡ, ಒಂದೇ ಸಮ ಭಾರ ಕೊಡಿ. ಅದು ಕೊಡ್ತದೆ" ಎಂದರು ಭಾಯಿ. ಭಾರ ಕೊಟ್ಟೆವು. ಏನೂ ಇಲ್ಲ. ನೀರು ಹೊಯ್ದಳು. ಮತ್ತೆ ಭಾರ. ಒಮ್ಮೆಗೇ ಒಣ ಕಟ್ಟಿಗೆ ಸೀಳಿದಂಥ ಸದ್ದು ಬಂತು. ಏನೋ ಮುರಿಯಿತು ಎಂದೇ ನನಗೆ ಅನಿಸಿತು. ಭಾಯಿ ನಕ್ಕರು. ಫ್ರೇಮು ಅಂಗುಲದಷ್ಟು ತಿರುಗಿತ್ತು.

ಆಮೇಲೆ ಹಿಂದಕ್ಕೆ ಅಂಗುಲ, ಮುಂದಕ್ಕೆ ಎರಡಂಗುಲ, ನಡುನಡುವೆ ಎಣ್ಣೆ. ಕೆಂಪು ಕೆಸರು ಪೈಪಿನ ಬಾಯಿಯಿಂದ ಇಳಿದು ವೈಸಿನ ಮೇಲೆ ಹರಿಯಿತು. ಕೀರಲು ಸ್ವರದಲ್ಲಿ ಅರಚುತ್ತ ಪಿಲ್ಲರ್ ಇಡಿಯಾಗಿ ಹೊರಬಂತು.

ಅದನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆವು. ಮೇಲಿನ ಎರಡಿಂಚು ತುಕ್ಕು ತಿಂದು ಒರಟಾಗಿತ್ತು. ಕಚ್ಚಿಕೊಂಡದ್ದು ಅಷ್ಟೇ ಭಾಗ. ಅದರ ಕೆಳಗೆ ಕಪ್ಪಗೆ ಗಟ್ಟಿಯಾದ ಹಳೆಯ ಗ್ರೀಸು, ಉಗುರಿನಿಂದ ಕೆರೆದರೆ ಅಡಿಯಲ್ಲಿ ಬೆಳ್ಳಗೆ ಹೊಳೆಯುವ ಉಕ್ಕು. ಯಾರೋ ಒಬ್ಬರು, ಆಸನ್‌ಸೋಲಿನಲ್ಲೋ ಉಡುಪಿಯ ಯಾವುದೋ ಸೈಕಲ್ ಅಂಗಡಿಯಲ್ಲೋ, ಇದನ್ನು ಒಳಗೆ ಬಿಡುವ ಮೊದಲು ಬೆರಳಿನಿಂದ ಸುತ್ತ ಗ್ರೀಸು ಸವರಿದ್ದರು. ಮುಂದೊಂದು ದಿನ ಯಾರಾದರೂ ಇದನ್ನು ಹೊರಗೆ ತೆಗೆಯಲಿಕ್ಕಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ನನ್ನ ಕಣ್ಣು ತುಂಬಿದ್ದು ಅಲ್ಲಿ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪದ ಪಾರಂಪರಿಕ ಗ್ರಾಮಕ್ಕೆ ಹೋದಾಗ ನನಗೆ ಇದೇ ಭಾವನೆ ಬಂದಿತ್ತು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಹೀಗೆ ಬೇರೆ ಬೇರೆ ಊರುಗಳಲ್ಲಿ ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹಾಗೆ ತರಲು ಸಾಧ್ಯವಾದದ್ದು ಕಂಬಕ್ಕೆ ತೊಲೆ, ತೊಲೆಗೆ ಪಕಾಸು ಬಿಚ್ಚಲು ಬರುವಂತೆ ಕೂಡಿಸಿದ ಬಡಗಿಗಳಿಂದ. ಸಿಮೆಂಟಿನಲ್ಲಿ ಎರೆದ ನಮ್ಮ ಮನೆಗಳನ್ನು ಯಾರೂ ಹೀಗೆ ಎತ್ತಿ ಕೊಂಡೊಯ್ಯಲಾರರು. ನಾನು ಈಗ ಉಪಯೋಗಿಸುವ ಹೆಚ್ಚಿನ ವಸ್ತುಗಳಿಗೆ ಬಿಚ್ಚುವ ಜಾಗವೇ ಇಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಮಾವನ ಕಾಲದ ಸೈಕಲ್ಲಿನಲ್ಲಿ ಬಿಚ್ಚಲಾಗದ ಜಾಗವೆಂದರೆ ಪೈಪುಗಳ ಬೆಸುಗೆ ಮಾತ್ರ. ಉಳಿದದ್ದೆಲ್ಲ ಒಂದೆರಡು ಪಾನ, ಒಂದು ಸುತ್ತಿಗೆ ಇದ್ದವನ ಕೈಗೆ ಬರುತ್ತದೆ. ಮಾವ ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಓವರಾಯ್ಲಿಂಗಿಗೆ ಬಿಡುತ್ತಿದ್ದರು. ಅಂಗಡಿಯವರು ಗೋಣಿಚೀಲ ಹಾಸಿ ಬಾಲ್ಸು ಇರುವಲ್ಲೆಲ್ಲ ಬಿಚ್ಚಿ ಅವನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ಹಾಕಿಡುತ್ತಿದ್ದರು. ಅಂಥ ಅಂಗಡಿಗಳು ಈಗ ಬೆರಳೆಣಿಕೆ. ಆಸನ್‌ಸೋಲಿನ ಕಾರ್ಖಾನೆ ಎಂದೋ ನಿಂತಿತು. ಅಟ್ಲಾಸಿನವರ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಪೈಪಿನ ಒಳಮೈಯನ್ನು ಸೀಳಿದ ಕೋಲಿಗೆ ಎಮರಿ ಪೇಪರ್ ಸುತ್ತಿ ಉಜ್ಜಿದೆವು. ಪಿಲ್ಲರ್ ಹಳೆಯದೇ ಇರಲಿ ಎಂದಳು ಹುಡುಗಿ, ತುಕ್ಕು ತಿಂದ ಭಾಗ ಹೇಗೂ ಈಗ ಪೈಪಿನ ಒಳಕ್ಕೆ ಇಳಿಯುತ್ತದೆ. ಬಣ್ಣ ಹೊಡೆಸಲಿಲ್ಲ. ಚಿನ್ನದ ಗೆರೆ ಇದ್ದಷ್ಟು ಇರಲಿ. ಕಾಟರ್ ಪಿನ್ನು ಹೊಸದು ಸಿಕ್ಕಿತು, ಆದರೆ ಅಂಗಡಿಯಿಂದ ತಂದದ್ದನ್ನು ಹಾಗೇ ಹಾಕುವಂತಿಲ್ಲ, ಓರೆ ಪಕ್ಕವನ್ನು ಅರದಿಂದ ತಿಕ್ಕಿ ಆಕ್ಸಲಿನ ಗೀರಿಗೆ ಸರಿಯಾಗಿ ಕೂರಿಸಬೇಕು. ಎರಡು ಪಿನ್ನುಗಳೂ ಎದುರುಬದುರು ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಅರ ಹಿಡಿಯುವುದನ್ನು ಅವಳು ನನಗಿಂತ ಚೆನ್ನಾಗಿ ಕಲಿತಳು.

ನಾನು ಈ ಸೈಕಲ್ ಕಲಿತದ್ದು ಒಳಪೆಡಲಿನಲ್ಲಿ, ಬಾರಿನ ಅಡಿಯಿಂದ ಕಾಲು ತೂರಿಸಿ. ಸೀಟು ನನಗೆ ಎಟುಕುತ್ತಿರಲಿಲ್ಲ. ಮಾವನೂ ಅದನ್ನು ಇಳಿಸಿಕೊಡಲಿಲ್ಲ, ನಾನೂ ಕೇಳಲಿಲ್ಲ. ಇಳಿಯುತ್ತದೆ ಎಂದು ಗೊತ್ತಿದ್ದರಲ್ಲವೇ ಕೇಳುವುದು? ಅವಳ ಎತ್ತರಕ್ಕೆ ಸೀಟು ಫ್ರೇಮಿನ ತನಕ ಇಳಿದಿದೆ. ಬಾರು ದಾಟಿ ಹತ್ತುವುದೂ ಅಭ್ಯಾಸವಾಗಿದೆ, ಸಂಜೆ ಬೆಂಗ್ರೆಯ ತುದಿಯವರೆಗೆ ಹೋಗಿ ಬರುತ್ತಾಳೆ. ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು ಎಂಬುದು ನನ್ನ ಕರಾರು. ಮೇ ಕೊನೆಯ ವಾರ ಪಿಲ್ಲರನ್ನು ಎಳೆದು ಒರೆಸಿ ಗ್ರೀಸು ಹಚ್ಚಿ ಮತ್ತೆ ಬಿಡುವುದು ಅವಳದೇ ಕೆಲಸ. ಪಾನ ಯಾವ ಮೊಳೆಗೆ ನೇತುಹಾಕಿದೆ ಎಂದು ತೋರಿಸಿದ್ದೇನೆ.

ಹ್ಯಾಂಡಲ್ ಮಾತ್ರ ಇನ್ನೂ ಕಚ್ಚಿಕೊಂಡೇ ಇದೆ. ಅದರೊಳಗೆ ಉದ್ದದ ಬೋಲ್ಟಿನ ತುದಿಗೆ ಒಂದು ಬೆಣೆ ಇರುತ್ತದೆ. ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ತಟ್ಟಿದರೆ ಬೆಣೆ ಕೆಳಗೆ ಬೀಳಬೇಕು. ಬೀಳಲಿಲ್ಲ. ಫೋರ್ಕಿನ ಪೈಪಿಗೂ ಕೆಳಗಿನಿಂದ ಬಾಯಿ ಉಂಟು ಎಂದು ಭಾಯಿ ಹೇಳಿದ್ದಾರೆ. ಬರುವ ಭಾನುವಾರ ಮುಂದಿನ ಚಕ್ರ ತೆಗೆದು ಫ್ರೇಮನ್ನು ಮತ್ತೆ ಕಂಬಕ್ಕೆ ಕಟ್ಟುತ್ತೇವೆ.